ಎಣ್ಣೆ ಸವರುವ ಗಂಟು

ಥಾಯ್ಲೆಂಡಿನ ಈ ಊರಿನಲ್ಲಿ ಕತ್ತಲಾದರೆ ರಸ್ತೆಯೇ ಅಡುಗೆಮನೆ. ಹುರಿದ ಮೀನು, ಕಡ್ಡಿಗೆ ಚುಚ್ಚಿದ ಹಂದಿಮಾಂಸ, ತಟ್ಟೆ ತುಂಬ ಕರಿದ ಹುಳ. ಅಳಿಯನ ಸಿಮೆಂಟ್ ಅಂಗಡಿಗೆ ಕಂಪನಿಯವರು ಕೊಟ್ಟ ಟೂರು ಇದು. ಬಂದವರು ಮಾತ್ರ ನಾನು ಮತ್ತು ಮಗಳು. ಎನ್.ಆರ್.ಪುರದಿಂದ ತಂದ ಅವಲಕ್ಕಿಯಲ್ಲೇ ನನಗೆ ಮೂರು ದಿನ ಕಳೆದಿತ್ತು. ಮಾಂಸ ಮುಟ್ಟಿದವಳಲ್ಲ, ಎಪ್ಪತ್ತರಲ್ಲಿ ಶುರು ಮಾಡುವುದೂ ಇಲ್ಲ.

ಸಾಲಿನ ಕೊನೆಯಲ್ಲಿ ನನ್ನ ವಯಸ್ಸಿನ ಹೆಂಗಸೊಬ್ಬಳು ನಮ್ಮ ಗುಳಿಯಪ್ಪದ ಕಾವಲಿಯಂಥದ್ದಕ್ಕೇ ಅಕ್ಕಿಹಿಟ್ಟು, ತೆಂಗಿನಹಾಲು ಹೊಯ್ಯುತ್ತಿದ್ದಳು. ಬಾಯಲ್ಲಿ ನೀರೂರಿತು. ಆದರೆ ಹೊಯ್ಯುವ ಮೊದಲು ಬಟ್ಟೆಯ ಗಂಟೊಂದರಿಂದ ಗುಳಿಗಳಿಗೆ ಜಿಡ್ಡು ಸವರುತ್ತಿದ್ದಳು.

"ಅದ್ರಲ್ಲಿ ಹಂದಿ ಕೊಬ್ಬಿದ್ರೆ ಎಂತ ಮಾಡೋದು?" ಎಂದೆ.

"ಕಣ್ಮುಚ್ಚಿ ತಿನ್ನಮ್ಮ. ಹಸಿದು ಬಿದ್ರೆ ನಿನ್ನ ಹೊತ್ಕೊಂಡು ಹೋಗೋರು ಯಾರು?" ಎಂದಳು ಮಗಳು.

"ಕಣ್ಮುಚ್ಚಿದ್ರೆ ಹೊಟ್ಟೆಗೂ ಗೊತ್ತಾಗಲ್ವೇನೆ ಮಾರಾಯ್ತಿ?"

ಗಂಟಿನ ಕಡೆ ಬೆರಳು ತೋರಿಸಿ, ಬಗ್ಗಿ, ಹಂದಿಯ ಹಾಗೆ ಗುರುಗುಟ್ಟಿದೆ. ಮಗಳು ನಾಚಿ ಆಚೆ ತಿರುಗಿದಳು. ಆ ಹೆಂಗಸು ನಗಲಿಲ್ಲ. ಗಂಟು ಬಿಚ್ಚಿ ನನ್ನ ಮೂಗಿನ ಹತ್ತಿರ ಹಿಡಿದಳು. ಒಳಗಿದ್ದದ್ದು ತೆಂಗಿನಕಾಯಿ ತುರಿ. ಬಿಸಿ ತಾಗಿದರೆ ಅದೇ ಎಣ್ಣೆ ಬಿಡುತ್ತದೆ. ನಾವು ಬಾಳೆಎಲೆಯ ದಂಟನ್ನು ಎಣ್ಣೆಗೆ ಅದ್ದಿ ಸವರುತ್ತೇವೆ. ಇಷ್ಟು ವರ್ಷ ಕಾವಲಿ ಮುಂದೆ ಕೂತರೂ ನನಗೆ ಇದು ಹೊಳೆದಿರಲಿಲ್ಲ.

ಅವಲಕ್ಕಿ ಚೀಲವನ್ನು ಮಗಳ ಕೈಗೆ ಕೊಟ್ಟು, ನಿಂತೇ ಹನ್ನೆರಡು ತಿಂದೆ. ಆ ಹೆಂಗಸು ಒಂದೇ ಕಡೆ ಬೇಯಿಸುತ್ತಾಳೆ, ಮಗುಚಿ ಹಾಕುವುದಿಲ್ಲ. ಮಗುಚುವುದನ್ನು ಹೇಳಿಕೊಡೋಣವೆಂದರೆ ಬಾಯಿ ತುಂಬಿತ್ತು.