ಸಂಜೀವನಿಗೆ ಬರೆದುಕೊಟ್ಟ ಕಾಗದ

ಮಾರಾಯ್ರೇ, ಇವತ್ತು ನಮ್ಮ ಜಾದವ್‌ಪುರದ ಹೋಟೆಲಿನಲ್ಲಿ ದೋಸೆ ಹೊಯ್ಯುವ ಸಂಜೀವ ಕಾವಲಿ ಬಿಟ್ಟು ನಾನು ದುಡ್ಡೆಣಿಸುತ್ತಿದ್ದ ಗಲ್ಲೆಗೆ ಬಂದ. ಕೆನಡಾದ ಹೋಟೆಲೊಂದು ಕೆಲಸ ಕೊಡುತ್ತದಂತೆ, ಅದರ ಮೇಲೆ ಅಲ್ಲೇ ಕಾಯಂ ಇರಲಿಕ್ಕೂ ಆಗುತ್ತದಂತೆ. ಇವನಿಗೆ ಕೆಲಸ ಬರುತ್ತದೆ ಅಂತ ಯಜಮಾನ ನಾನು ಬರೆದುಕೊಡಬೇಕಂತೆ.

"ನಿನಗೆ ಎಂತ ಮಣ್ಣು ಬರ್ತದೆ?" ಅಂದೆ.

"ಹದಿನೆಂಟು ವರ್ಷದಿಂದ ಅದನ್ನೇ ಹೇಳ್ತಿದ್ದೀರಿ ಅಣ್ಣಾ. ಇವತ್ತೊಂದು ದಿನ ನಿಜ ಬರೀರಿ."

ಐದನೇ ಕ್ಲಾಸಿಗೇ ಶಾಲೆ ಬಿಟ್ಟವ ನಾನು. ನಾನು ಹೇಳಿದೆ, ಮಗಳು ಇಂಗ್ಲಿಷಿನಲ್ಲಿ ಬರೆದಳು: ಮೂಸಿಯೇ ಹಿಟ್ಟಿನ ಹುಳಿ ಹೇಳುತ್ತಾನೆ, ನಾನು ಆಸ್ಪತ್ರೆಯಲ್ಲಿದ್ದಾಗ ಹೋಟೆಲು ನಡೆಸಿದವ ಇವನೇ. ಕೇಳುತ್ತ ನಿಂತಿದ್ದ ಸಂಜೀವ ಹೆಗಲ ಮೇಲಿನ ಬೈರಾಸಿನಿಂದ ಕಣ್ಣೊರೆಸಿಕೊಂಡ. ನಾನು ಸಹಿ ಹಾಕಿದೆ.

ಹದಿನೆಂಟು ವರ್ಷ ಬೈದು ಉಳಿಸಿಕೊಂಡವನನ್ನು ಒಂದೇ ಸಲ ಹೊಗಳಿ ಕಳೆದುಕೊಂಡೆ.