ಚೀಲ ವಾಪಸ್ ಕೊಡಬೇಕು

ನಮ್ಮ ಓನರಮ್ಮನ ಎಡ ಮೊಣಕೈಯ ಒಳಬದಿಯಲ್ಲಿ ಎರಡು ಕೆಂಪು ಗೆರೆಗಳು ಯಾವಾಗಲೂ ಎದ್ದು ಕಾಣುತ್ತಿದ್ದವು. ಚೀಲದ ಹಿಡಿಕೆ ಒತ್ತಿ ಒತ್ತಿ ಆದ ಗುರುತು. ಚೀಲವೂ ಸಾಮಾನ್ಯದ್ದಲ್ಲ. ಹಳದಿ ಬಣ್ಣದ ದಪ್ಪ ಬಟ್ಟೆಯದು, ಒಂದು ಹಿಡಿಕೆ ಕಿತ್ತುಬಂದಿದ್ದಕ್ಕೆ ಹಳೆಯ ಸೀರೆಯ ಅಂಚು ಸೇರಿಸಿ ಹೊಲಿದಿದ್ದರು. ಅದರೊಳಗೆ ಇಡ್ಲಿ ಪಾತ್ರೆಯಿಂದ ಹಿಡಿದು ಗೋಡೆ ಗಡಿಯಾರದ ತನಕ ಏನು ಬೇಕಾದರೂ ಹಿಡಿಸುತ್ತಿತ್ತು.

ಹೊಳೆನರಸೀಪುರದಲ್ಲಿ ಅವರ ಮನೆಯ ಮಹಡಿಯ ಮೇಲೆ ನಾವು ಆರು ವರ್ಷ ಬಾಡಿಗೆಗಿದ್ದೆವು. ನಾನು ಅಲ್ಲಿನ ಕಾಲೇಜಿನ ಪ್ರಯೋಗಾಲಯದಲ್ಲಿ ಸಹಾಯಕ. ಕೆಳಗೆ ಓನರಮ್ಮ, ಮಾತು ಕಡಿಮೆಯ ಅವರ ಯಜಮಾನರು, ಮಗ, ಸೊಸೆ, ಗಲಾಟೆಯ ಮೊಮ್ಮಕ್ಕಳು. ಮಗ ಅಡುಗೆಮನೆ ಒಡೆಸಿ ಹೊಸದು ಕಟ್ಟಿಸಿದಾಗ ಅಟ್ಟದಿಂದ ಇಳಿದ ಸಾಮಾನು ಅಂಗಳದ ತುಂಬ ಹರಡಿತು. ಗುಜರಿಯವನು ತಕ್ಕಡಿ ತಂದಾಗ ಓನರಮ್ಮ ಅವನನ್ನು ಗೇಟಿನಿಂದಲೇ ವಾಪಸ್ ಕಳಿಸಿದರು. "ತೂಕಕ್ಕೆ ಮಾರಾಕೆ ಇದೇನು ಈರುಳ್ಳೀನಾ?" ಎಂದರು. ಆಮೇಲೆ ಫೋನು ಹಿಡಿದು ಮೆಟ್ಟಿಲು ಹತ್ತಿ ನನ್ನ ಹತ್ತಿರ ಬಂದರು. ಹಳೆಯ ಸಾಮಾನು ಮಾರುವವರು, ಕೊಳ್ಳುವವರು ಸೇರುವ ಜಾಗವೊಂದು ಫೋನಿನಲ್ಲಿದೆ ಎಂದು ಸೊಸೆ ಹೇಳಿದ್ದಳಂತೆ.

ಮೊದಲನೆಯದು ತಾಮ್ರದ ಚೊಂಬು. ಫೋಟೊ ಹಾಕಿ, ಬೆಲೆ ಬರೆದು, "ಡೆಲಿವರಿ ಖರ್ಚು ಯಾರದು ಅಂತ ಹಾಕಲಿ?" ಎಂದೆ.

"ಯಾರ್ದೂ ಅಲ್ಲ ಕಣಪ್ಪ. ಡೆಲಿವರಿ ನಾನೇ ಅಂತ ಬರಿ. ಅದರ ಕೆಳಗೆ, ಚೀಲ ವಾಪಸ್ ಕೊಡ್ಬೇಕು ಅಂತ ಬರಿ."

ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದ ಕಾಲ. ಓನರಮ್ಮ ಆಧಾರ್ ಕಾರ್ಡನ್ನು ಕುಪ್ಪಸದೊಳಗೆ ಸಿಕ್ಕಿಸಿಕೊಂಡು, ಚೀಲವನ್ನು ಮೊಣಕೈಗೆ ಏರಿಸಿ ಹೊರಟರೆಂದರೆ ಹಾಸನವೂ ಒಂದೇ, ಅರಕಲಗೂಡೂ ಒಂದೇ. ಸಾಮಾನು ಕೊಟ್ಟು, ಅವರ ಮನೆಯ ಕಾಫಿ ಕುಡಿದು, ಮಕ್ಕಳೆಷ್ಟು, ನೀರು ಎಷ್ಟು ಹೊತ್ತಿಗೆ ಬರುತ್ತದೆ ಎಲ್ಲ ವಿಚಾರಿಸಿಕೊಂಡು ಸಂಜೆಯೊಳಗೆ ಮನೆಗೆ ಬರುತ್ತಿದ್ದರು. ಚೀಲ ವಾಪಸ್ ಕೊಡಬೇಕು ಎಂಬುದರ ಅರ್ಥ ನನಗೆ ಆಮೇಲೆ ತಿಳಿಯಿತು. ನಮ್ಮ ಕಡೆ ಯಾರಾದರೂ ಏನಾದರೂ ಹಾಕಿ ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸುವುದಿಲ್ಲವಲ್ಲ, ಹಾಗೆ. ಚನ್ನರಾಯಪಟ್ಟಣದ ಮನೆಯಿಂದ ತೆಂಗಿನಕಾಯಿ, ಹಾಸನದಿಂದ ಆಲೂಗಡ್ಡೆ, ಅರಕಲಗೂಡಿನಿಂದ ಹಸಿ ಶುಂಠಿ ಬರುತ್ತಿದ್ದವು. ಒಬ್ಬ ಮಹಾರಾಯರು ಚೀಲವನ್ನು ಎರಡು ದಿನ ಇಟ್ಟುಕೊಂಡು, ಒಗೆದು, ಇಸ್ತ್ರಿ ಮಾಡಿ, ಬರಿದೇ ಕೊಟ್ಟಿದ್ದರು. ಓನರಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಪಾಪ, ಯೋಳ್ಕೊಟ್ಟೋರಿಲ್ಲ" ಎಂದಷ್ಟೇ ಹೇಳಿದರು.

"ನೀವು ಮಾಡ್ತಿರೋದು ವ್ಯಾಪಾರವೋ ನೆಂಟಸ್ತಿಕೆಯೋ?" ಎಂದು ನಾನು ರೇಗಿಸುತ್ತಿದ್ದೆ.

"ವ್ಯಾಪಾರ ಅಂತ ಅಂದ್ರೆ ಯಜಮಾನ್ರು ಬಿಡ್ತಾರೆ. ಸುಮ್ಕೆ ನೋಡ್ಕೊಂಡು ಬತ್ತೀನಿ ಅಂದ್ರೆ ಯಾಕೆ ಅಂತಾರೆ" ಎಂದು ನಗುತ್ತಿದ್ದರು.

ನನ್ನ ಜಾಹೀರಾತುಗಳು ಬೇರೆ ಜಾತಿಯವು. ಹಿಂದೊಮ್ಮೆ ಮೇಜೊಂದನ್ನು ಮಾರಿ, ಆಟೋದಲ್ಲಿ ಹೇರಿಕೊಂಡು ಹೋದಾಗ ಕೊಂಡವರು ಬಾಗಿಲಲ್ಲೇ ಚೌಕಾಸಿಗೆ ನಿಂತಿದ್ದರು. ಬಾಡಿಗೆ ನನ್ನ ತಲೆಗೆ ಬಂದಿತ್ತು. ಅಂದಿನಿಂದ ನಾನು ಉಕ್ಕಿನ ಮನುಷ್ಯ. ಮಗಳು ದೊಡ್ಡವಳಾದ ಮೇಲೆ ಅವಳ ಬೀಟೆಮರದ ತೊಟ್ಟಿಲನ್ನು ಮಾರಲು ಹಾಕಿದಾಗಲೂ ಹೀಗೆ ಬರೆದೆ: ಬೆಲೆ ಕಡಿಮೆ ಮಾಡುವುದಿಲ್ಲ. ಡೆಲಿವರಿ ಖರ್ಚು ಕೊಂಡವರದು. ಸುಮ್ಮನೆ ಮೆಸೇಜು ಮಾಡಬೇಡಿ.

ಒಂದು ಬುಧವಾರ ಸಂಜೆ ಹಳೇಕೋಟೆಯಿಂದ ಹೆಂಗಸೊಬ್ಬರು ಫೋನು ಮಾಡಿದರು. "ಸಾ, ತೊಟ್ಲು ನಮ್ಗೇ ಇರ್ಲಿ. ಸುಕ್ರವಾರ ಮೊಮ್ಮಗಳ ನಾಮಕರಣ, ನಮ್ಮನೇಲೇ. ನೀವೇ ತಂದ್ಕೊಡ್ಬೇಕು."

"ಬರೆದಿರೋದು ಓದಿದ್ದೀರಾ ಅಮ್ಮ? ಡೆಲಿವರಿ ನಿಮ್ಮದು."

"ಗಾಡಿ ಬಾಡ್ಗೆ ನಾವೇ ಕೊಡ್ತೀವಿ ಸಾ. ಆದ್ರೆ ಗಾಡೀಲಿ ತೊಟ್ಲು ಒಂದೇ ಬರ್ಬಾರ್ದು. ನಿಮ್ಮನೇರು ಯಾರಾರ ಜೊತೇಲಿ ಬರ್ಬೇಕು."

ನನಗೆ ಮೇಜು ನೆನಪಾಯಿತು. ಕರೆಸಿಕೊಂಡು, ಬಾಗಿಲಲ್ಲಿ ನಿಲ್ಲಿಸಿ, ಬಾಡಿಗೆಗೆ ಕೈ ಎತ್ತುವ ಉಪಾಯ ಇದು ಅಂದುಕೊಂಡೆ. "ಅದೆಲ್ಲ ಆಗಲ್ಲ. ಬೇಕಾದರೆ ಗಾಡಿ ಕಳಿಸಿ" ಎಂದು ಫೋನು ಇಟ್ಟುಬಿಟ್ಟೆ.

ಓನರಮ್ಮ ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡಿದ್ದರು. "ನಾಮಕರಣ ಅವ್ರ ಮನೇಲೇ ಅಂದ್ರಾ? ಮಗಳ ಮಗೂನಾ, ಮಗನ ಮಗೂನಾ?" ಎಂದರು. ನಾನು ಕೇಳಿರಲಿಲ್ಲ. ಫೋನು ಕಿತ್ತುಕೊಂಡು ತಾವೇ ಆ ನಂಬರಿಗೆ ಮಾಡಿದರು. ಎರಡು ನಿಮಿಷ ಮಾತಾಡಿ, "ಆಯ್ತು ಕಣವ್ವ, ನಾವೇ ಬತ್ತೀವಿ" ಎಂದು ಮುಗಿಸಿ ನನ್ನ ಕಡೆ ತಿರುಗಿದರು. ಸಿಟ್ಟು ಬಂದಾಗ ಅವರ ಬಾಯಲ್ಲಿ ನಾನು 'ಅಪ್ಪ'ನಿಂದ 'ಲಾ'ಗೆ ಇಳಿಯುತ್ತಿದ್ದೆ.

"ಸೊಸೆ ಬಾಣಂತನ ಅತ್ತೆ ಮನೇಲಿ, ನಾಮಕರಣಾನೂ ಅತ್ತೆ ಮನೇಲಿ. ಅಂಗಂದ್ರೆ ಏನ್ಲಾ? ಆ ಉಡುಗೀಗೆ ತವರಿಲ್ಲ. ತೊಟ್ಲು ಎಲ್ಲಿಂದ ಬರ್ಬೇಕು? ತವರಿಂದ. ಜೊತೇಲಿ ಜನ ಬರ್ಲಿ, ಊರೋರು ನೋಡ್ಲಿ ಅಂತ ಆಯಮ್ಮನ ಆಸೆ. ಗುರ್ತಿಲ್ಲದೋನ ತಾವ ಪೋನಲ್ಲಿ ಅದ್ನ ಬಿಡ್ಸಿ ಯೋಳಾಕಾಯ್ತದಾ? ನೀನು ಸಿಮೆಂಟ್ ಮೂಟೆ ಕಳಿಸ್ದಂಗೆ ಕಳಿಸ್ತೀನಿ ಅಂತೀಯ!"

ನನಗೆ ನಾಚಿಕೆಯಾಯಿತು.

ಶುಕ್ರವಾರ ಬೆಳಿಗ್ಗೆ ಲಗೇಜು ಆಟೋಗೆ ತೊಟ್ಟಿಲು ಏರಿಸಿದೆವು. ಇನ್ನೇನು ಹೊರಡಬೇಕು, ಓನರಮ್ಮ ಅಡುಗೆಮನೆಯಿಂದ ಗುಂಡುಕಲ್ಲನ್ನು ಎತ್ತಿಸಿಕೊಂಡು ಬಂದು ತೊಟ್ಟಿಲೊಳಗೆ ಮಲಗಿಸಿ ಬಟ್ಟೆ ಹೊದಿಸಿದರು. ಬರಿ ತೊಟ್ಟಿಲು ಮನೆಯಿಂದ ಹೊರಡಿಸಬಾರದಂತೆ. ಅವರು ಚೀಲದೊಂದಿಗೆ ಡ್ರೈವರ್ ಪಕ್ಕ ಕೂತರು. ನಾನು ಹಿಂದೆ, ರಸ್ತೆಯ ಪ್ರತಿ ಹಳ್ಳಕ್ಕೂ ಕಲ್ಲಿನ ಕೂಸು ಉರುಳದಂತೆ ಎರಡೂ ಕೈಯಲ್ಲಿ ಹಿಡಿದು ಕೂತೆ.

ಹಳೇಕೋಟೆಯ ಆ ಮನೆಯ ಮುಂದೆ ಹತ್ತಿಪ್ಪತ್ತು ಹೆಂಗಸರು ಸೇರಿದ್ದರು. ಬಾಗಿಲಲ್ಲಿ ಹಸಿ ಬಾಣಂತಿ, ಕಿವಿಗೆ ಬಟ್ಟೆ ಕಟ್ಟಿಕೊಂಡು, ಕೂಸನ್ನೆತ್ತಿಕೊಂಡು ನಿಂತಿದ್ದಳು. ಆಟೋ ನಿಲ್ಲುವುದಕ್ಕೂ ಮೊದಲೇ ಓನರಮ್ಮ ಎಲ್ಲರಿಗೂ ಕೇಳುವ ಹಾಗೆ ಕೂಗಿದರು. "ತಡ ಆಗೋಯ್ತು ಕಣವ್ವಾ! ನಿಮ್ಮಣ್ಣ ಒಂಡೋದೇ ನಿಧಾನ!"

ಯಾವ ಅಣ್ಣ ಎಂದು ನಾನು ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ.

ಹುಡುಗಿ ಒಂದು ಗಳಿಗೆ ಕಣ್ಣರಳಿಸಿ ನೋಡಿದಳು. ಆಮೇಲೆ ನಕ್ಕಳು, ನಗುತ್ತಲೇ ಅತ್ತಳು. ಫೋನು ಮಾಡಿದ್ದ ಅತ್ತೆ ನಮ್ಮ ಕಾಲಿಗೆ ನೀರು ಕೊಟ್ಟರು. ಅವರ ಕಣ್ಣೂ ಒದ್ದೆಯಾಗಿತ್ತು. ಓನರಮ್ಮ ಚೀಲದಿಂದ ರವಿಕೆ ಕಣ, ಅಕ್ಕಿ, ಕೊಬ್ಬರಿ, ಬೆಲ್ಲ ತೆಗೆದು ಹುಡುಗಿಯ ಮಡಿಲು ತುಂಬಿದರು. ಬುಧವಾರದಿಂದ ಇದೆಲ್ಲ ಯಾವಾಗ ಹೊಂದಿಸಿದ್ದರೋ. ಕೂಸನ್ನು ತೊಟ್ಟಿಲಿಗೆ ಹಾಕಿ ತೂಗುವಾಗ ನನ್ನನ್ನೂ ಎಳೆದು ಹಗ್ಗ ಹಿಡಿಸಿದರು. "ಸೋದರಮಾವ ಇಡೀಬೇಕು ಕಣಪ್ಪ" ಎಂದರು. ನಾನು ಮತ್ತೆ ಅಪ್ಪನಾಗಿದ್ದೆ.

ಊಟವಾದ ಮೇಲೆ ಅತ್ತೆ ತೊಟ್ಟಿಲಿನ ದುಡ್ಡು ಕೊಟ್ಟು, ಗಾಡಿ ಬಾಡಿಗೆಯನ್ನು ಬೇರೆಯಾಗಿ ನನ್ನ ಕೈಗಿಡಲು ಬಂದರು. "ತವರಿನವರಿಗೆ ಯಾರಾದರೂ ಬಾಡಿಗೆ ಕೊಡ್ತಾರಾ ಅಮ್ಮ?" ಎಂದೆ. ಓನರಮ್ಮ ದಡ್ಡ ಹುಡುಗ ಮಗ್ಗಿ ಒಪ್ಪಿಸಿದ್ದನ್ನು ಕೇಳಿದ ಮೇಷ್ಟರಂತೆ ನನ್ನನ್ನು ನೋಡಿದರು. ವಾಪಸ್ ಬರುವಾಗ ಚೀಲದ ತುಂಬ ಅವರೆಕಾಯಿ. ಅದರಲ್ಲಿ ಹಿಡಿಸದೆ ಉಳಿದದ್ದು ನನ್ನ ಮಡಿಲಲ್ಲಿ, ಗುಂಡುಕಲ್ಲಿನ ಜೊತೆ.

ಕಳೆದ ಆಷಾಢದಲ್ಲಿ ಓನರಮ್ಮ ಹೋದರು. ಎದೆ ಹಿಡಿದುಕೊಂಡಿದೆ ಎಂದರಂತೆ, ಹಾಸನದ ಆಸ್ಪತ್ರೆ ಮುಟ್ಟುವಷ್ಟರಲ್ಲೇ ಮುಗಿದಿತ್ತು. ನಾವು ಅಷ್ಟರಲ್ಲಿ ಬೇರೆ ಮನೆಗೆ ಬಂದಿದ್ದೆವು. ತಿಥಿಯ ದಿನ ಅವರ ಸೊಸೆ ಹಳದಿ ಚೀಲ ತಂದು ನನ್ನ ಕೈಗೆ ಕೊಟ್ಟಳು. "ನಿಮ್ಗೇ ಇರ್ಲಿ ಅಂತ ಅನ್ನಿಸ್ತು. ಅತ್ತೆ ತೀರ್ಕೊಳ್ಳೋ ಹಿಂದಿನ ವಾರವಷ್ಟೇ ಚನ್ನರಾಯಪಟ್ಟಣಕ್ಕೆ ಹೋಗಿ ಬಂದಿದ್ರು" ಎಂದಳು. ಒಳಗೆ ಎರಡು ತೆಂಗಿನಕಾಯಿ ಹಾಗೇ ಇದ್ದವು. ಅವರ ಮನೆಯ ಗೇಟು ದಾಟುವ ತನಕ ತಡೆದುಕೊಂಡಿದ್ದೆ, ಆಮೇಲೆ ಆಗಲಿಲ್ಲ.

ಮೊನ್ನೆ ಹಳೇಕೋಟೆಯಿಂದ ಫೋನು ಬಂತು. ಆ ಹುಡುಗಿಯೇ.

"ಅಣ್ಣಾ, ಮಗೀಗೆ ಕಿವಿ ಚುಚ್ಚುಸ್ಬೇಕು. ಸೋದರಮಾವನ ತೊಡೆ ಮೇಲೇ ಕೂರುಸ್ಬೇಕಂತೆ. ಭಾನುವಾರ ಬತ್ತೀಯಾ? ಗಾಡಿ ಕಳಿಸ್ಲಾ?"

ಬಾಗಿಲ ಹಿಂದಿನ ಮೊಳೆಯಲ್ಲಿ ಚೀಲ ನೇತಾಡುತ್ತಿತ್ತು. ಅದನ್ನು ತೆಗೆದು ಮೊಣಕೈಗೆ ಏರಿಸಿಕೊಂಡು ಹೇಳಿದೆ:

"ಗಾಡಿ ಬೇಡ ಕಣಮ್ಮ. ಡೆಲಿವರಿ ನಾನೇ. ಚೀಲ ವಾಪಸ್ ಕೊಡ್ಬೇಕು."