ತೂಗಡಿಸುವ ಕೋಳಿ ಮತ್ತು ಅಜ್ಜಿಯ ಜ್ವರ

ನಮ್ಮ ಮನೆಯಲ್ಲಿ ಡಿಗ್ರಿ ಯಾರಿಗೂ ದಕ್ಕುವುದಿಲ್ಲ ಎಂದವರು ನನ್ನ ದೊಡ್ಡಪ್ಪ. "ಹೆಣ್ಣೈಕ್ಳು ದನದ ಡಾಕ್ಟ್ರಾಗೋದಾ? ಆಗೋ ಮಾತಲ್ಲ ಬಿಡ್ರೋ" ಎಂದು ಪಕ್ಕದೂರು ಗಂಡಸಿಯ ಸಂತೆಯಲ್ಲೇ ಹೇಳಿದ್ದರು. ಆದರೂ ಪಶುವೈದ್ಯಕೀಯದ ಕೊನೆಯ ವರ್ಷಕ್ಕೆ ಬಂದೆ. ಆ ಓದು ನನಗೆ ಮೊದಲು ಕೊಟ್ಟದ್ದು ಹೆದರಿಕೆಯನ್ನು.

2006ರಲ್ಲಿ ಮಹಾರಾಷ್ಟ್ರದ ಹಕ್ಕಿಜ್ವರದ ಸುದ್ದಿ ಟೀವಿ ತುಂಬ ಇತ್ತು. ರಜೆಗೆ ಊರಿಗೆ ಬಂದರೆ ಬಚ್ಚಲ ಪಕ್ಕ ಪುಕ್ಕದ ಗುಡ್ಡೆ. ನಮ್ಮ ಕಡೆ ರೋಗ ತಗುಲಿ ಕೋಳಿ ತೂಗಡಿಸತೊಡಗಿದರೆ ಸಾಯಲು ಬಿಡುವುದಿಲ್ಲ, ಉಸಿರಿರುವಾಗಲೇ ಕುಯ್ದು ಸಾರು ಮಾಡುತ್ತಾರೆ. ಅಜ್ಜಿ, ಅವ್ವ ಇಬ್ಬರೂ ಕೂತು ಪುಕ್ಕ ತರಿದಿದ್ದರು.

"ಯಾಕಜ್ಜಿ ಮುಟ್ಟಕ್ಕೋದೆ?"

"ಸತ್ರೆ ದಂಡ, ಕುಯ್ದ್ರೆ ಸಾರು. ನೀನು ಹುಟ್ಟಕ್ಕೆ ಮುಂಚಿಂದ ತಿಂತಾ ಇವ್ನಿ ಕಣೇ. ನಂಗೇನಾಗೈತೆ?"

ಅದೇ ವಾರ ಇಬ್ಬರೂ ಹಾಸಿಗೆ ಹಿಡಿದರು. ಅವ್ವನ ಮೈ ಕೆಂಡವಾಯಿತು, ಬೆವರಿತು, ಬಿಟ್ಟಿತು. ಅವಳು ಎದ್ದು ಮುದ್ದೆ ತೊಳಸಿದಳು. ಅಜ್ಜಿಯ ಮೈ ಮಾತ್ರ ಬೆಚ್ಚಗೆ ಕೂಡ ಇರಲಿಲ್ಲ. ಬರೀ ಕೆಮ್ಮು, ಊಟ ಬೇಡ, ಮಾತಿಗೆ ತೊದಲು.

"ಮೈ ತಣ್ಣಗೈತಲ್ಲ, ವಾಸಿಯಾಗ್ತೈತೆ ಬಿಡು" ಎಂದಳು ಅವ್ವ.

ನಾನು ಹೆದರಿದ್ದೇ ಅದಕ್ಕೆ. ಮುದಿ ಮೈಗೆ ಜ್ವರ ಏರಿಸಿಕೊಂಡು ಹೋರಾಡುವ ಕಸುವೂ ಇರುವುದಿಲ್ಲ, ರೋಗ ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿಯುತ್ತದೆ ಎಂದು ಓದಿದ್ದೆ. ಇದು ಹಕ್ಕಿಜ್ವರವೇ ಆಗಿದ್ದರೆ? ಯೋಚಿಸಲು ಧೈರ್ಯ ಸಾಲಲಿಲ್ಲ. ಆಟೊ ಹಿಡಿದು ಅರಸೀಕೆರೆ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕೋಳಿ ಮುಟ್ಟಿದ ವಿಷಯ ನಾನೇ ಡಾಕ್ಟರಿಗೆ ಹೇಳಿದೆ. ಅಜ್ಜಿಯ ಗಂಟಲ ದ್ರವವೂ ಆಮೇಲೆ ಗೂಡಿನಲ್ಲಿ ಸತ್ತ ಇನ್ನೊಂದು ಕೋಳಿಯೂ ಪರೀಕ್ಷೆಗೆ ಹೋದವು.

"ಇವ್ಳು ಬಾಯ್ಬಿಟ್ಟಿದ್ಕೆ ಸರ್ಕಾರದೋರು ಊರ ಕೋಳಿ ಎಲ್ಲಾ ಕೊಂದು ಹೂಳಿಸ್ತಾರೆ" ಎಂದು ಊರಲ್ಲಿ ಪಕ್ಕದ ಮನೆಯಾಕೆ ನನ್ನನ್ನು ಶಪಿಸಿದಳಂತೆ. ನಾನು ಅಜ್ಜಿಯ ಮಂಚದ ಪಕ್ಕ ಆಮ್ಲಜನಕದ ಬಾಟಲಿಯ ಗುಳ್ಳೆಗಳನ್ನೇ ನೋಡುತ್ತ ಕೂತಿದ್ದೆ.

ವರದಿ ಬಂತು. ಕೋಳಿಗೆ ಬಂದದ್ದು ಹಕ್ಕಿಜ್ವರವಲ್ಲ, ಹಳ್ಳಿಕೋಳಿಗಳಿಗೆ ಆಗಾಗ ಬರುವ ಕೊಕ್ಕರೆ ರೋಗ. ಅಜ್ಜಿಯದು ಮಾಮೂಲಿ ಫ್ಲೂ, ಅದು ನ್ಯುಮೋನಿಯಾಕ್ಕೆ ತಿರುಗಿತ್ತು. ಅವ್ವನನ್ನು ನೆಗಡಿಯ ಹಾಗೆ ತಾಕಿ ಹೋದ ಜ್ವರವೇ ಅಜ್ಜಿಯನ್ನು ಮಸಣದ ದಾರಿಗೆ ಎಳೆದಿತ್ತು. ಅವಳು ನಿಧಾನವಾಗಿ ಚೇತರಿಸಿಕೊಂಡಳು. ಏದುಸಿರು ಮಾತ್ರ ಉಳಿಯಿತು.

ಘಟಿಕೋತ್ಸವಕ್ಕೆ ಅವಳಿಗೆ ಬರಲಾಗಲಿಲ್ಲ. ಸರ್ಟಿಫಿಕೇಟನ್ನು ಜಗಲಿಗೇ ತಂದು ಅವಳ ಕೈಗಿಟ್ಟೆ. ಉಸಿರು ಎಳೆದುಕೊಂಡು, ಅಕ್ಷರಗಳ ಮೇಲೆ ಬೆರಳಾಡಿಸಿ ಅಜ್ಜಿ ಅಂದಳು: "ಇನ್ಮ್ಯಾಕೆ ಕೋಳಿ ತೂಗಡಿಸಿದ್ರೆ ಮೊದ್ಲು ನಿನ್ನೇ ಕೂಗ್ತೀನಿ ಕಣವ್ವ. ಸಾರುಣ್ಣಕ್ಕಲ್ಲ, ಸೂಜಿ ಹಾಕಕ್ಕೆ."